ನಾನು ಹೊಲಿದ ಕಾಲುಕವಚ

ಹಿರೋಮು ಆ ಪೊಟ್ಟಣವನ್ನು ತಂದು ಮಿಸೊ ಸಾರಿನ ಪಾತ್ರೆಯ ಪಕ್ಕದಲ್ಲೇ ಇಟ್ಟ. ಊಟದ ಮೇಜಿನ ಮೇಲೆ ಬಟ್ಟೆಬರೆ ಇಡಬಾರದು ಅಂತ, ಅವನು ನಮ್ಮ ಮನೆಯಳಿಯನಾಗಿ ಬಂದ ಈ ಹದಿನಾಲ್ಕು ವರ್ಷದಲ್ಲಿ ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೆ ಅವತ್ತು ಅವನ ಮುಖ ನೋಡಿ ಸುಮ್ಮನಾದೆ.

"ಮಾವ, ಇದು ನಿಮಗೆ," ಅಂದ.

ನನ್ನ ಗಂಡ ಟೊಕುಜಿ ಚಾಪ್‌ಸ್ಟಿಕ್ ಕೆಳಗಿಟ್ಟು ಪೊಟ್ಟಣ ಬಿಚ್ಚಿದರು. ಪ್ಯಾಂಟಿನ ಮೇಲೆ ಸೊಂಟಕ್ಕೆ ಕಟ್ಟಿಕೊಂಡು, ಕಾಲಿನ ಹಿಂದೆ ಬಕಲ್ ಹಾಕುವ ದಪ್ಪನೆಯ ಕಾಲುಕವಚ. ಮೆಷಿನ್ ಗರಗಸ ಜಾರಿ ತೊಡೆಗೆ ಬಂದರೆ ತಡೆಯುವುದಕ್ಕೆ. ಅವರು ಅದನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದರು.

"ಏನಪ್ಪಾ ಇದು, ಲಂಗಾನಾ?"

"ಕವಚ, ಮಾವ. ಈಗ ಇದಿಲ್ಲದೆ ಗರಗಸ ಮುಟ್ಟೋ ಹಾಗಿಲ್ಲ. ತರಬೇತಿಯಲ್ಲಿ ಹೇಳಿದ್ದಾರೆ."

"ಮೂರು ದಿನದ ತರಬೇತಿ! ನಾನು ಐವತ್ತೆರಡು ವರ್ಷದಿಂದ ಗುಡ್ಡದಲ್ಲಿ ಮರ ಕಡೀತಿದ್ದೀನಿ ಅಳಿಯಂದ್ರೇ. ಬೇಕಾದ್ರೆ ಆ ಮಾಸ್ತರನ್ನ ಇಲ್ಲಿಗೆ ಕಳ್ಸು, ನಾನು ಅವನಿಗೆ ಕಲಿಸ್ತೀನಿ."

ನನ್ನ ಮಗಳು ಸನಾಎ ಶಾಲೆಯ ಅಡಿಗೆಮನೆಗೆ ಕೆಲಸಕ್ಕೆ ಹೊರಟವಳು ಬಾಗಿಲಲ್ಲೇ ನಿಂತು, "ಅಪ್ಪಾ, ನಿನ್ನ ಎಡಮಂಡಿ ಮೇಲಿನ ಹದಿನೇಳು ಹೊಲಿಗೆ ಬೆಕ್ಕು ಪರಚಿದ್ದಾ?" ಅಂದಳು.

"ಅದು ಕೊಡಲಿ ತಾಗಿದ್ದು."

"ಹೂಂ, ಕೊಡಲಿ. ಪೆಟ್ರೋಲ್ ಹಾಕಿದ್ರೆ ಓಡೋ ಕೊಡಲಿ."

ನನಗೆ ನಗು ತಡೆಯಲಾಗಲಿಲ್ಲ. ಇವರು ನನ್ನತ್ತ ಕೆಂಗಣ್ಣು ಬಿಟ್ಟು, ಬಟ್ಟಲಿನ ಕರಿ ಅವರೆಯನ್ನು ಎತ್ತಲು ಹೋದರು. ಕಾಳು ಜಾರಿ ಮೇಜಿನ ಮೇಲೆ ಉರುಳಿತು. ಇನ್ನೊಂದು ಎತ್ತಿದರು, ಅದೂ ಉರುಳಿತು. "ಎಣ್ಣೆ ಜಾಸ್ತಿ ಹಾಕಿದ್ದೀಯ," ಅಂತ ನನ್ನನ್ನೇ ಗದರಿದರು.

ಆ ಕಾಳಿಗೆ ನಾನು ಒಂದು ತೊಟ್ಟೂ ಎಣ್ಣೆ ಹಾಕಿರಲಿಲ್ಲ. ಗರಗಸದ ನಡುಕವನ್ನು ವರ್ಷಗಟ್ಟಲೆ ಕೈಯಲ್ಲಿ ಹಿಡಿದವರಿಗೆ ಬರುವ ಬಿಳಿಬೆರಳಿನ ಕಾಯಿಲೆ ಇವರಿಗೆ ಬಂದು ನಾಲ್ಕು ಚಳಿಗಾಲ ಆಗಿತ್ತು. ಚಳಿ ಬಿದ್ದರೆ ಬೆರಳು ತುದಿಯಿಂದ ಬೆಳ್ಳಗಾಗಿ, ಮುಟ್ಟಿದ್ದೇ ತಿಳಿಯುತ್ತಿರಲಿಲ್ಲ. ಅಂಗಿಯ ಗುಂಡಿಯನ್ನು ನಾನು ಹಾಕುತ್ತಿದ್ದೆ. ಪೆಟ್ರೋಲ್ ಡಬ್ಬಿಯ ಮುಚ್ಚಳವನ್ನು ಬೆಳಿಗ್ಗೆಯೇ ಸಡಿಲ ಮಾಡಿ ಕೊಡುತ್ತಿದ್ದೆ. ನಾನೂ ಬಾಯಿ ಬಿಡಲಿಲ್ಲ, ಅವರೂ ಬಿಡಲಿಲ್ಲ. ಇಬ್ಬರೂ ಸೇರಿ ಮನೆಯವರ ಕಣ್ಣಿಗೆ ಮಣ್ಣೆರಚಿದ್ದೆವು ಅಂದರೆ ಸುಳ್ಳಲ್ಲ.

ಇವರು ಗರಗಸ ಬಿಡದಿರಲು ಒಂದು ಮರವೂ ಕಾರಣ. ನಮ್ಮ ಮೂಲಂಗಿ ಹೊಗೆ ಹಾಕುವ ಗುಡಿಸಲಿನ ಹಿಂದೆ ಇವರ ಅಜ್ಜ ನೆಟ್ಟ ಸುಗಿ ಅನ್ನುವ ದೇವದಾರು ಜಾತಿಯ ಮರವೊಂದಿದೆ. ಹೋದ ಚಳಿಗಾಲದ ಹಿಮದ ಭಾರಕ್ಕೆ ಅದು ಮನೆಯ ಮಾಡಿನ ಕಡೆ ವಾಲಿತ್ತು. ಈ ಸಲ ಹಿಮ ಬೀಳುವ ಮೊದಲು, ಡಿಸೆಂಬರ್ ಹನ್ನೆರಡರ ಒಳಗೆ ಅದನ್ನು ಉರುಳಿಸಲೇಬೇಕು. ಹನ್ನೆರಡನೇ ತಾರೀಖು ನಮ್ಮ ಕಾಡು ಕಾಯುವ ಬೆಟ್ಟದಮ್ಮನ ದಿನ, ಅವತ್ತು ಊರಲ್ಲಿ ಯಾರೂ ಮರಕ್ಕೆ ಕೈ ಹಚ್ಚುವುದಿಲ್ಲ. ಅವತ್ತಿಂದ ವರ್ಷದ ಕೆಲಸ ಮುಗಿದ ಹಾಗೆ. "ಆ ಮರ ನನ್ನದು. ನಾನೇ ಕಡಿಯೋದು," ಅಂತ ಇವರು ಊರಿಗೆಲ್ಲ ಸಾರಿ ಆಗಿತ್ತು. ಹಿಡಿತವಿಲ್ಲದ ಕೈಯಲ್ಲಿ ಆ ಮರಕ್ಕೆ ಗರಗಸ ಇಟ್ಟರೆ ಇವರು ಎರಡು ಕಾಲ ಮೇಲೆ ಮನೆಗೆ ಬರುತ್ತಾರೋ ಇಲ್ಲವೋ ಅನ್ನುವುದೊಂದೇ ನನ್ನ ಚಿಂತೆ.

ಹಾಗಾಗಿ ಕವಚದ ವಿಷಯದಲ್ಲಿ ನಾನು ಅಳಿಯನ ಪಕ್ಷ ವಹಿಸಿದೆ.

"ರೀ, ಅದನ್ನ ಕಟ್ಟಿಕೊಂಡ್ರೆ ಬುತ್ತಿ. ಇಲ್ಲದಿದ್ರೆ ಬುತ್ತಿ ಇಲ್ಲ."

"ಬೇಡ ಬಿಡು. ಗುಡ್ಡದಲ್ಲಿ ಅಣಬೆ ಇದೆ."

ಒಂದನೆಯ ದಿನ ಅಣಬೆ ಅಂದರು. ಎರಡನೆಯ ದಿನ ಹಸಿವಿಲ್ಲ ಅಂದರು. ಮೂರನೆಯ ದಿನ ಹಿರೋಮು ತನ್ನ ಬುತ್ತಿಯಲ್ಲಿ ಅರ್ಧ ಕೊಡಲು ಹೋದನಂತೆ, ಸನಾಎ ಅವನಿಗೆ ಫೋನಿನಲ್ಲೇ ಗ್ರಹಚಾರ ಬಿಡಿಸಿದಳು. ನಾಲ್ಕನೆಯ ದಿನ ಬೆಳಿಗ್ಗೆ ಇವರು ಹಜಾರದಲ್ಲಿ ಕವಚ ಕಟ್ಟಿಕೊಂಡು ನಿಂತಿದ್ದರು.

"ಸಾಲ್ಮನ್ ಮೀನು ಹುರಿದು ಹಾಕು. ದೊಡ್ಡ ತುಂಡು," ಅಂದರು. ಮೂರು ದಿನದ ಬಾಕಿ ಸೇರಿಸಿ ಎರಡು ತುಂಡು ಹಾಕಿದೆ.

ಆದರೆ ಕವಚ ಇವರಿಗೆ ಒಗ್ಗಲಿಲ್ಲ. ದಿನಾ ಸಂಜೆ ಅದೇ ರಾಗ. ಬಟ್ಟೆ ಪಟಪಟ ಬಡಿಯುತ್ತದೆ, ಒಳಗೆ ತುಂಬಿದ್ದು ಕೆಳಗೆ ಜಾರುತ್ತದೆ, ಮುಳ್ಳುಕಂಟಿ ಹಿಡಿದು ಎಳೆಯುತ್ತದೆ. ಅಕ್ಟೋಬರ್ ಕೊನೆಗೆ ಒಂದು ದಿನ ಎಡತೊಡೆಯ ಮೇಲ್ಬಟ್ಟೆ ಮುಳ್ಳಿಗೆ ಸಿಕ್ಕಿ ಗೇಣುದ್ದ ಹರಿದಿತ್ತು. ಒಳಗಿನಿಂದ ಬಿಳಿ ಎಳೆಗಳು ಹೊರಗೆ ಇಣುಕುತ್ತಿದ್ದವು.

"ನೋಡು ನಿನ್ನ ಅಳಿಯನ ಕವಚ! ಒಂದು ಮುಳ್ಳು ತಡೆಯಲ್ಲ, ಗರಗಸ ತಡೆಯುತ್ತಂತೆ!"

ಹಿರೋಮು ಆ ಹೊತ್ತಿಗೆ ಮನೆಯಲ್ಲಿರಲಿಲ್ಲ. ಪಕ್ಕದ ಕಣಿವೆಯಲ್ಲಿ ಬಿರುಗಾಳಿಗೆ ಬಿದ್ದ ಮರಗಳನ್ನು ತೆಗೆಯಲು ಹದಿನೈದು ದಿನದ ಮಟ್ಟಿಗೆ ಹೋಗಿದ್ದ. ಹೋಗುವಾಗ, "ಮಾವ, ನಾನು ಬರೋ ತನಕ ಒಬ್ಬರೇ ಗುಡ್ಡಕ್ಕೆ ಹೋಗಬೇಡಿ. ಏನಾದರೂ ಆದರೆ ಕೂಗಿದ್ರೂ ಕೇಳೋರಿಲ್ಲ," ಅಂತ ಹೇಳಿ ಹೋಗಿದ್ದ. ಇವರು ತಲೆಯಾಡಿಸಿದ್ದರು. ಅವನ ಗಾಡಿ ತಿರುವು ದಾಟುವುದೇ ತಡ, ಬೂಟು ಹಾಕಿಕೊಂಡರು.

ನಾನು ತಡೆಯಲಿಲ್ಲ. ಕವಚ ಇದೆಯಲ್ಲ ಅನ್ನುವ ಧೈರ್ಯ ನನ್ನದು. ಹರಿದದ್ದನ್ನು ಸರಿ ಮಾಡಿಕೊಟ್ಟರಾಯಿತು ಅಂದುಕೊಂಡೆ. ಸೂಜಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಈ ಮನೆಗೆ ಸೊಸೆಯಾಗಿ ಬಂದ ಮೊದಲ ಚಳಿಗಾಲ ನಮ್ಮತ್ತೆ ನನ್ನನ್ನು ಒಲೆಯ ಮುಂದೆ ಕೂರಿಸಿ ಸಾಶಿಕೊ ಹೊಲಿಗೆ ಕಲಿಸಿದ್ದರು. ಬಟ್ಟೆಯ ಮೇಲೆ ಬಟ್ಟೆ ಇಟ್ಟು, ದಪ್ಪ ಬಿಳಿ ನೂಲಿನಲ್ಲಿ ಅಕ್ಕಿ ಕಾಳಿನಷ್ಟು ಹೊಲಿಗೆ, ಸಾಲಿಗೆ ಸಾಲು. ಹೀಗೆ ಹೊಲಿದ ಅಂಗಿಗೆ ಮುಳ್ಳು ತೂರುವುದಿಲ್ಲ, ಗಾಳಿ ತೂರುವುದಿಲ್ಲ. ನಮ್ಮ ಮಾವ ಸೌದೆ ಹೊತ್ತ ಅಂಗಿ ಈಗಲೂ ಅಟ್ಟದಲ್ಲಿ ಗಟ್ಟಿಯಾಗಿದೆ.

ಹೊಗೆ ಗುಡಿಸಲಿನಲ್ಲಿ ಮೂಲಂಗಿ ಕಟ್ಟಿ, ಚೆರ್ರಿ ಸೌದೆಗೆ ಬೆಂಕಿ ಹಚ್ಚಿ, ಹೊಗೆ ಕಾಯುತ್ತಾ ಅಲ್ಲೇ ಕುಳಿತೆ. ಮೂರು ಮಧ್ಯಾಹ್ನ ಬೇಕಾಯಿತು. ಹರಿದ ಕಡೆ ಮಾತ್ರ ಹೊಲಿದರೆ ಮತ್ತೊಂದು ಕಡೆ ಹರಿಯುತ್ತದೆ ಅಂತ, ಎರಡೂ ಕಾಲಿಗೆ ಸೊಂಟದಿಂದ ಕಣಕಾಲಿನ ತನಕ, ಮೇಲ್ಬಟ್ಟೆಯಿಂದ ಒಳಬಟ್ಟೆಗೆ ಸೂಜಿ ದಾಟಿಸಿ ಹೊಲಿದುಬಿಟ್ಟೆ. ಎಂಟು ಪದರ, ಒಂದೊಂದು ಸಲ ಸೂಜಿಯನ್ನು ಇಕ್ಕಳದಲ್ಲಿ ಎಳೆಯಬೇಕಾಯಿತು. ಬೆರಳಲ್ಲಿ ರಕ್ತ ಬಂತು. ಮುಗಿದಾಗ ಒಳಗೆ ತುಂಬಿದ್ದು ಒಂದಿಂಚೂ ಅಲ್ಲಾಡುತ್ತಿರಲಿಲ್ಲ.

ಇವರು ಅದನ್ನು ಕಟ್ಟಿಕೊಂಡು ಅಂಗಳದಲ್ಲಿ ಎರಡು ಸುತ್ತು ನಡೆದರು.

"ಈಗ ಇದು ಬಟ್ಟೆ ಅನ್ನಿಸ್ತು ನೋಡು! ಭಲೇ ಹಿಸಾಯೊ."

ಮದುವೆಯಾಗಿ ನಲವತ್ತೇಳು ವರ್ಷಕ್ಕೆ ನನ್ನ ಹೆಸರು ಹಿಡಿದು ಹೊಗಳಿದ್ದು ಅದೇ ಮೊದಲು. ನಾನು ಆ ದಿನ ಅನ್ನಕ್ಕೆ ನೀರು ಇಡುವುದನ್ನೇ ಮರೆತೆ.

ಆ ಮೇಲೆ ಅವರಿಗೆ ಹೇಳಿಸಿಕೊಳ್ಳಬೇಕಾಗಲಿಲ್ಲ, ಬೆಳಿಗ್ಗೆ ಎದ್ದ ಕೂಡಲೇ ಕವಚ. ಒಂದು ವಾರ ಕಳೆದ ಮೇಲೆ ಒಗೆಯಲು ತೆಗೆದಾಗ ಬಲತೊಡೆಯ ಮೇಲೆ ಬೆರಳುದ್ದ ಮೇಲ್ಬಟ್ಟೆ ಸೀಳಿತ್ತು, ನನ್ನ ಹೊಲಿಗೆಯಲ್ಲಿ ಐದಾರು ನೂಲು ಕತ್ತರಿಸಿತ್ತು. "ಮತ್ತೆ ಮುಳ್ಳಾ?" ಅಂತ ಕೇಳಿದೆ. "ಇನ್ನೇನು, ಹುಲಿನಾ?" ಅಂದರು. ಮುಳ್ಳು ಹರಿದದ್ದು ಪಿಸಿದಿರುತ್ತದೆ, ಇದು ಗೆರೆ ಎಳೆದ ಹಾಗೆ ನೇರವಾಗಿತ್ತು. ನಾನು ಎರಡು ಸಲ ನೋಡಿದೆ. ಆಮೇಲೆ ಸೂಜಿ ತಂದು ಹೊಲಿದೆ.

ಹಿರೋಮು ವಾಪಸು ಬಂದ ದಿನ ನಾನು ಕಿರಿತಾನ್ಪೊ ಮಾಡಿದ್ದೆ, ಅನ್ನ ಕುಟ್ಟಿ ಕಡ್ಡಿಗೆ ಮೆತ್ತಿ ಸುಟ್ಟು ಕೋಳಿ ಸಾರಿಗೆ ಹಾಕಿದ್ದು, ಅವನಿಗೆ ಪ್ರಾಣ. ಎರಡು ಬಟ್ಟಲು ಮುಗಿಸಿ ಕೂತಿದ್ದವನಿಗೆ, "ನಿನ್ನ ಕವಚಾನೂ ಕೊಡಪ್ಪ, ಹೊಲಿದು ಕೊಡ್ತೀನಿ," ಅಂದೆ.

"ಏನು ಹೊಲೀತೀರಾ ಅತ್ತೆ?"

ನಾನು ಹೆಮ್ಮೆಯಿಂದ ಇವರದ್ದನ್ನು ತಂದು ಅವನ ತೊಡೆಯ ಮೇಲೆ ಹಾಕಿದೆ. ಅವನು ಒಂದು ಕಾಲು ಎತ್ತಿ ಹಿಡಿದ, ಬಗ್ಗಿಸಿ ನೋಡಿದ, ಮಡಿಸಿ ನೋಡಿದ. ಮೂರನೆಯ ಬಟ್ಟಲಿಗೆ ಕೈ ಚಾಚಿದ್ದವನು ಕೈ ಹಿಂದಕ್ಕೆ ತೆಗೆದುಕೊಂಡ.

"ಮಾವ ಇದನ್ನ ಹಾಕ್ಕೊಂಡು ಗುಡ್ಡಕ್ಕೆ ಹೋಗಿದ್ರಾ?"

"ದಿನಾ ಹೋಗಿದ್ದೀನಿ. ಈಗ ಜಾರಲ್ಲ, ಬಡಿಯಲ್ಲ. ಈ ಕವಚದ ಕಂಪನಿಯವರಿಗೆ ಹೇಳು, ನಿಮ್ಮತ್ತೆ ಹತ್ರ ಕಲೀಲಿ."

"ಅತ್ತೆ," ಅಂದ ಹಿರೋಮು. ಅವನ ದನಿ ಮೆತ್ತಗಿತ್ತು. "ಇದು ಈಗ ಬರೀ ಪ್ಯಾಂಟು. ಕವಚ ಅಲ್ಲ."

"ಏನೋ ಹಾಗಂದ್ರೆ? ಬೆರಳು ತೂತಾಗೋ ಹಾಗೆ ಹೊಲಿದಿದ್ದೀನಿ!" ನನಗೆ ರೇಗಿತು. "ಅಂಗಡಿದಕ್ಕಿಂತ ಹತ್ತರಷ್ಟು ಗಟ್ಟಿ ಇದೆ!"

"ಗಟ್ಟಿ ಇರೋದೇ ತೊಂದರೆ ಅತ್ತೆ."

ಸನಾಎ ನಡುವೆ ಬಾಯಿ ಹಾಕಿದಳು. "ಅಮ್ಮ ಮೂರು ದಿನ ಕೂತು ಹೊಲಿದಿದ್ದಾಳೆ, ಬಂದ ದಿನಾನೇ ಹೀಗನ್ನಬೇಕಾ? ಬಿಡಿಸಿ ಹೇಳ್ರಿ."

"ಹೇಳಿದ್ರೆ ಮಾವ ಕೇಳಲ್ಲ. ನಾಳೆ ಬೆಳಿಗ್ಗೆ ತೋರಿಸ್ತೀನಿ."

ಬೆಳಿಗ್ಗೆ ಅಂಗಳದಲ್ಲಿ ಮಂಜು ಬಿದ್ದು ಹುಲ್ಲು ಬಿರುಸಾಗಿತ್ತು. ಹಿರೋಮು ತೊಡೆಯಷ್ಟು ದಪ್ಪದ ಎರಡು ದಿಮ್ಮಿಗಳನ್ನು ಅಲುಗಾಡದಂತೆ ಗೂಟ ಹೊಡೆದು ನಿಲ್ಲಿಸಿದ. ಒಂದಕ್ಕೆ ನಾನು ಹೊಲಿದದ್ದನ್ನು ಕಟ್ಟಿದ. ಇನ್ನೊಂದಕ್ಕೆ ತನ್ನದನ್ನು ಕಟ್ಟಿದ.

"ಅಯ್ಯೋ, ನಿಮ್ಮದು ಹೊಸದು ಕಣ್ರೀ!" ಅಂದಳು ಸನಾಎ.

"ಇನ್ನೊಂದು ತರ್ತೀನಿ. ಎಲ್ಲರೂ ಆ ಬಾವಿಕಟ್ಟೆ ಹತ್ರ ನಿಂತ್ಕೊಳ್ಳಿ. ಮಾವ, ನೀವೂ."

ಅವನು ಹೆಲ್ಮೆಟ್ಟಿನ ಜಾಲರಿ ಮುಖಕ್ಕೆ ಇಳಿಸಿದ, ಕಿವಿ ಮುಚ್ಚಿಕೊಂಡ. ಗರಗಸವನ್ನು ನೆಲದ ಮೇಲೆ ಇಟ್ಟು, ಚೈನಿನ ಬ್ರೇಕು ಹಾಕಿದೆಯೇ ಅಂತ ನೋಡಿ, ಹಿಂಬದಿಯ ಹಿಡಿಯ ಮೇಲೆ ಬೂಟುಗಾಲು ಊರಿ ಹಗ್ಗ ಎಳೆದ. ನಮ್ಮವರು ಕೈಯಲ್ಲೇ ತೂಗಾಡಿಸಿ ಎಳೆಯುವವರು. "ನೋಡಿದ್ಯಾ, ಕಾಲಲ್ಲಿ ತುಳೀತಾನೆ, ಪಾಪದ ಮೆಷಿನ್ನು," ಅಂತ ನನ್ನ ಕಿವಿಯಲ್ಲಿ ಗೊಣಗಿದರು.

ಮೊದಲು ನನ್ನ ಹೊಲಿಗೆಯ ಮೇಲೆ ಇಟ್ಟ. ಗರಗಸ ನಿಲ್ಲಲೇ ಇಲ್ಲ. ಸಾಲಿಗೆ ಸಾಲು ಹೊಲಿದ ನೂಲು, ಎಂಟು ಪದರ, ಎಲ್ಲವನ್ನೂ ದಾಟಿ ದಿಮ್ಮಿಯೊಳಗೆ ಇಳಿಯಿತು. ಹಳದಿ ಹೊಟ್ಟು ಚಿಮ್ಮಿ ಅವನ ಬೂಟಿನ ಮೇಲೆ ಬಿತ್ತು. ಒಂದು, ಎರಡು ಅಂತ ಎಣಿಸುವಷ್ಟರಲ್ಲಿ ಕೈ ಮುಳುಗುವಷ್ಟು ಆಳ ಗಾಯ.

ಆಮೇಲೆ ತನ್ನದರ ಮೇಲೆ ಇಟ್ಟ. ಗರ್ರ್ ಅಂತ ಒಂದೇ ಸದ್ದು, ಗರಗಸ ಉಸಿರು ಕಟ್ಟಿ ನಿಂತೇಬಿಟ್ಟಿತು. ಒಳಗಿನ ಬಿಳಿ ಎಳೆಗಳೆಲ್ಲ ಉದ್ದುದ್ದಕ್ಕೆ ಹೊರಗೆ ಬಂದು ಚೈನಿಗೆ, ಅದನ್ನು ತಿರುಗಿಸುವ ಗಾಲಿಗೆ ಸುತ್ತಿಕೊಂಡಿದ್ದವು. ಅವನು ಕವಚ ಬಿಚ್ಚಿ ದಿಮ್ಮಿ ತೋರಿಸಿದ. ತೊಗಟೆಯ ಮೇಲೆ ಒಂದು ಗೀರೂ ಇರಲಿಲ್ಲ.

"ಒಳಗಿನ ಎಳೆ ಸಡಿಲ ಇದ್ರೆ ತಾನೇ ಚೈನು ಎಳ್ಕೊಳ್ಳೋದು, ಸಿಕ್ಕಿಹಾಕ್ಕೊಳ್ಳೋದು. ಹೊಲಿದು ಕಟ್ಟಿಹಾಕಿದ್ರೆ ಅದು ಜಾಗ ಬಿಟ್ಟು ಬರಲ್ಲ ಅತ್ತೆ. ಕತ್ತರಿಸಿಕೊಂಡು ಸುಮ್ಮನಿರುತ್ತೆ."

ನಾನು ಬಾವಿಕಟ್ಟೆಯ ಮೇಲೆ ಕುಸಿದು ಕೂತೆ. ನಮ್ಮತ್ತೆ ಕಲಿಸಿದ ವಿದ್ಯೆ, ನನ್ನ ಬೆರಳಿನ ರಕ್ತ, ಎಲ್ಲ ಸೇರಿಸಿ ಇವರ ಕಾಲನ್ನು ನಾನೇ ಗರಗಸದ ಬಾಯಿಗೆ ಕೊಟ್ಟಿದ್ದೆ. ಅಲ್ಲೇ ಅತ್ತುಬಿಟ್ಟೆ.

ಹಿರೋಮು ನನ್ನನ್ನು ಬೈಯಲಿಲ್ಲ. ಅವನು ಹೊಲಿಗೆಯ ಕವಚವನ್ನು ಬಿಚ್ಚಿ ಬೆಳಕಿಗೆ ಹಿಡಿದು, ಬಲತೊಡೆಯ ಮೇಲೆ ನಾನು ಎರಡನೆಯ ಸಲ ಹೊಲಿದ ಜಾಗವನ್ನು ಬೆರಳಿನಲ್ಲಿ ಸವರುತ್ತಿದ್ದ.

"ಇದು ಯಾವಾಗ ಆಯ್ತು ಮಾವ?"

"ಮುಳ್ಳು."

"ಮುಳ್ಳಲ್ಲ. ಇದು ಚೈನು ತಾಗಿದ್ದು."

ಇವರು ಆಕಾಶ ನೋಡಿದರು. ನನಗೆ ಎಲ್ಲಿತ್ತೋ ಸಿಟ್ಟು, ಕಣ್ಣೊರೆಸಿಕೊಂಡು ಎದ್ದು ನಿಂತೆ.

"ರೀ, ನಾನು ನನ್ನ ತಪ್ಪು ಒಪ್ಕೊಂಡೆ. ನಿಮ್ಮ ಕಾಲಿಗೆ ನಾನೇ ಯಮನ ಬಾಗಿಲು ತೆಗೆದಿದ್ದೆ, ಆಯ್ತಾ? ಈಗ ನಿಮ್ಮ ಸರದಿ. ಕೈ ಹೊರಗೆ ತೆಗೀರಿ. ಜೇಬಿಂದ ತೆಗೀರಿ ಅಂದೆ!"

"ಚಳಿ ಕಣೆ."

"ಚಳಿ ಅಂತಾನೇ ತೆಗೀರಿ ಅಂದಿದ್ದು!"

ತೆಗೆದರು. ಎಡಗೈಯ ನಾಲ್ಕು ಬೆರಳು, ಬಲಗೈಯ ಮೂರು, ಎರಡನೆಯ ಗೆಣ್ಣಿನ ತನಕ ಸುಲಿದ ಮೂಲಂಗಿಯಷ್ಟು ಬೆಳ್ಳಗಿದ್ದವು. ಸನಾಎ ಓಡಿಬಂದು ಆ ಬೆರಳನ್ನು ಚಿವುಟಿದಳು. "ಗೊತ್ತಾಯ್ತಾ ಅಪ್ಪಾ?" ಅಂದಳು. ಇನ್ನೊಂದು ಸಲ ಜೋರಾಗಿ ಚಿವುಟಿದಳು.

"ಎಷ್ಟು ಚಿವುಟಿದ್ರೂ ಅಷ್ಟೇ ಬಿಡೇ," ಅಂದರು ಕೊನೆಗೆ. ಆಮೇಲೆ ಅಳಿಯನ ಕಡೆ ತಿರುಗಿದರು. "ಅವತ್ತು ಕೊಯ್ದು ಮುಗಿಸಿ ಗರಗಸ ಇಳಿಸ್ತಿದ್ದೆ. ಗುಂಡಿಯಿಂದ ಬೆರಳು ಬಿಟ್ಟೆ ಅಂದ್ಕೊಂಡೆ. ಬಿಟ್ಟಿರಲಿಲ್ಲ. ಚೈನು ಓಡ್ತಾನೇ ಇತ್ತು. ತೊಡೆ ಸವರಿಕೊಂಡು ಹೋಯ್ತು."

ಸನಾಎ ಅಪ್ಪನ ಎರಡೂ ಕೈಯನ್ನು ತನ್ನ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಳು. ಶಾಲೆಗೆ ಅವಳಿಗೆ ತಡವಾಗಿತ್ತು.

"ಹಾಗಾದ್ರೆ ಆ ಮರ?" ಅಂದರು ಇವರು. "ಅಜ್ಜ ನೆಟ್ಟಿದ್ದು ಹಿರೋಮು. ಹೊರಗಿನವರನ್ನ ಕರೆಸಬೇಡ."

"ಯಾಕೆ ಕರೆಸಲಿ? ನಾನಿಲ್ವಾ?" ಅಂದ ಹಿರೋಮು. "ಆದ್ರೆ ಒಂದು ಮಾತು. ಅದು ಎತ್ತ ಬೀಳುತ್ತೆ ಅಂತ ಹೇಳೋದು ನನ್ನ ಕೈಲಾಗಲ್ಲ. ಮೂರು ದಿನದಲ್ಲಿ ಅದನ್ನ ಯಾರೂ ಕಲಿಸಲ್ಲ. ನೀವು ನೋಡಿ, ನಾನು ಕಡೀತೀನಿ. ಇಬ್ಬರೂ ಸೇರಿದ್ರೆ ಒಬ್ಬ ಒಳ್ಳೆ ಮರ ಕಡಿಯೋನು ಆಗ್ತಾನೆ."

"ಒಂದೂವರೆ," ಅಂದರು ಇವರು. "ನನ್ನದು ಒಂದು, ನಿನ್ನದು ಅರ್ಧ."

ನಾನು ಆ ಹಾಳಾದ ಕವಚವನ್ನು ಒಲೆಗೆ ಹಾಕಬೇಕು ಅಂತ ಎತ್ತಿಕೊಂಡು ಹೋದವಳು, ಒಲೆಯ ಮುಂದೆ ನಿಂತು ಯೋಚಿಸಿದೆ. ಗಾಳಿ ತೂರದ ಎಂಟು ಪದರ, ಸುಡುವುದಕ್ಕೆ ಮನಸ್ಸು ಬರಲಿಲ್ಲ. ಗರಗಸ ತಾಗದೆ ಉಳಿದ ಕಡೆ ಕತ್ತರಿಸಿ, ಒಳಗೆ ಹಳೆಯ ಉಣ್ಣೆ ಇಟ್ಟು ಇವರಿಗೆ ಒಂದು ಜೊತೆ ಕೈಗವಸು ಹೊಲಿದೆ. ಹೆಬ್ಬೆರಳಿಗೊಂದು ಮನೆ, ಉಳಿದ ನಾಲ್ಕಕ್ಕೆ ಸೇರಿ ಒಂದೇ ಮನೆ. ಅದನ್ನು ಹಾಕಿಕೊಂಡರೆ ಗರಗಸದ ಗುಂಡಿ ಒತ್ತಲಾಗದು. ಅದನ್ನು ತಿಳಿದೇ ಹಾಗೆ ಹೊಲಿದೆ.

ಇವರು ಅದನ್ನು ತಿರುಗಿಸಿ ನೋಡಿ, "ಬೆರಳು ಎಲ್ಲಿ?" ಅಂದರು.

"ನಿಮ್ಮ ಬೆರಳಿಗೆ ಇನ್ನೇನು ಕೆಲಸ?" ಅಂದೆ. ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಹಾಕಿಕೊಂಡರು.

ಡಿಸೆಂಬರ್ ಎಂಟಕ್ಕೆ ಮರ ಕಡಿದರು. ಗಾಳಿ ಇರಲಿಲ್ಲ. ಹಿರೋಮುವಿಗೆ ಹೊಸ ಕವಚ ಬಂದಿತ್ತು, ಇವರಿಗೂ ಒಂದು ಬಂದಿತ್ತು. ಗರಗಸ ಹಿಡಿಯದವರಿಗೆ ಯಾಕೆ ಅಂದರೆ, "ಹತ್ತಿರ ನಿಲ್ಲೋರೂ ಕಟ್ಕೋಬೇಕು," ಅಂತ ಇವರೇ ನನಗೆ ಗದರಿಸಿ ಹೇಳಿದರು! ಮರದ ನೆತ್ತಿಗೆ ಹಗ್ಗ ಹಾಕಿ ಮನೆಯ ವಿರುದ್ಧ ದಿಕ್ಕಿಗೆ ಬಿಗಿದಿದ್ದರು. ಇವರು ಮರದ ಸುತ್ತ ಮೂರು ಸಲ ನಡೆದು, ಕೈಗವಸಿನ ಕೈಯಲ್ಲಿ ತೊಗಟೆ ತಟ್ಟಿ, ಬುಡದಲ್ಲಿ ಕೂತು ಮೇಲಕ್ಕೆ ನೋಡಿದರು.

"ಪರ್ಸಿಮನ್ ಹಣ್ಣಿನ ಗಿಡಕ್ಕೂ ಬಾವಿಗೂ ನಡುವೆ. ಬಾಯಿ ಅತ್ತ ತೆಗೆ. ಇನ್ನೂ ಸ್ವಲ್ಪ ಎಡಕ್ಕೆ. ಆಂ, ಅಷ್ಟೇ."

ಹಿರೋಮು ಆ ಕಡೆ ಬುಡದಲ್ಲಿ ತುಂಡು ತೆಗೆದು ಬಾಯಿ ಮಾಡಿದ, ಹಿಂದಿನಿಂದ ಕೊಯ್ಯತೊಡಗಿದ, ಬೆಣೆ ಹೊಡೆದ.

"ಪೂರ್ತಿ ಕೊಯ್ಯಬೇಡ! ನಡುವೆ ಮೂರು ಬೆರಳು ಬಿಡು, ಅದೇ ಅದಕ್ಕೆ ಬಾಗಿಲ ಕೀಲು!" ಅಂತ ಕೂಗುತ್ತಾ ಇವರು ಮುಂದಕ್ಕೆ ಬಂದುಬಿಟ್ಟರು.

ಹಿರೋಮು ಗರಗಸ ನಿಲ್ಲಿಸಿದ. "ಮಾವ! ಹಿಂದೆ!"

ಈ ಮನೆಯಲ್ಲಿ ಇವರಿಗೆ ಯಾರೂ ಹಾಗೆ ಕೂಗಿದ್ದಿಲ್ಲ. ಇವರು ಒಂದು ಹೆಜ್ಜೆ, ಎರಡು ಹೆಜ್ಜೆ, ಹಿಂದಕ್ಕೆ ನಡೆದು ನಮ್ಮ ಪಕ್ಕ ಬಂದು ನಿಂತರು. ಕೊರಳಿನ ಸೀಟಿ ತೆಗೆದು ಮೂರು ಸಲ ಊದಿದರು. ಹಿರೋಮು ಕೊನೆಯ ಬೆಣೆ ಹೊಡೆದು, ಮೊದಲೇ ಗುರುತು ಮಾಡಿಟ್ಟ ದಾರಿಯಲ್ಲಿ ಓರೆಯಾಗಿ ಹಿಂದೆ ಸರಿದ. ಮರ ಸಾವಕಾಶವಾಗಿ ಬಾಗಿ, ಪರ್ಸಿಮನ್ ಗಿಡದ ಒಂದು ಕಡ್ಡಿಯನ್ನೂ ಮುರಿಯದೆ ಹೋಗಿ ಮಲಗಿತು. ಬಾವಿಯ ನೀರು ಒಂದು ಸಲ ಕುಲುಕಿತು.

"ಮುಕ್ಕಾಲು," ಅಂದರು ಇವರು ಅಳಿಯನ ಬೆನ್ನು ತಟ್ಟಿ. "ಅರ್ಧದಿಂದ ಮುಕ್ಕಾಲಿಗೆ ಬಂದೆ." ಆಮೇಲೆ ಬಿದ್ದ ಮರದ ತುದಿಯ ಹಸಿರು ಚಿಗುರು ಮುರಿದು ತಂದು, ಬೆಟ್ಟದಮ್ಮನಿಗೆ ಅಂತ ಬುಡದ ಮೇಲೆ ಸಿಕ್ಕಿಸಿ ಕೈಮುಗಿದರು. ಮುಗಿದದ್ದು ಕೈಗವಸಿನ ಸಮೇತ.

ಆವತ್ತು ಊಟಕ್ಕೆ ಅಕ್ಕಿಮದ್ಯ ಬಿಸಿ ಮಾಡಿದೆ, ಹೊಗೆ ಹಾಕಿದ ಮೂಲಂಗಿಯ ಮೊದಲ ಉಪ್ಪಿನಕಾಯಿ ತೆಗೆದೆ, ಕರಿ ಅವರೆಯನ್ನೂ ಮಾಡಿದೆ. ಸನಾಎ ಶಾಲೆಯ ಕಥೆ ಹೇಳುತ್ತಿದ್ದಳು, ಹಿರೋಮು ನಗುತ್ತಿದ್ದ. ಇವರು ಚಾಪ್‌ಸ್ಟಿಕ್ಕಿನಿಂದ ಒಂದು ಕಾಳು ಎತ್ತಿದರು. ಅದು ಜಾರಿ ಮೇಜಿನ ಮೇಲೆ ಉರುಳಿ ಹಿರೋಮುವಿನ ಬಟ್ಟಲಿಗೆ ತಾಗಿ ನಿಂತಿತು. ಎಣ್ಣೆಯ ಬೈಗುಳಕ್ಕೆ ನಾನು ತಯಾರಾಗಿ ಕೂತೆ.

ಇವರು ಚಾಪ್‌ಸ್ಟಿಕ್ಕುಗಳನ್ನು ಜೋಡಿಸಿ ಮೇಜಿನ ಮೇಲೆ ಇಟ್ಟರು.

"ಹಿಸಾಯೊ," ಅಂದರು, ಎಲ್ಲರಿಗೂ ಕೇಳುವ ಹಾಗೆ, "ಒಂದು ಚಮಚ ಕೊಡು."